ಟೈಲರಕ್ಕನ ದೊಡ್ಡ ಬ್ಯಾಂಕು

ನಮ್ಮ ಬೀದಿಯ ಟೈಲರಕ್ಕನ ಉಳಿತಾಯ ಖಾತೆ ಇರುವುದು ಹಳೆಯ ದೊಡ್ಡ ಬ್ಯಾಂಕಿನಲ್ಲಿ. ಅಲ್ಲಿ ಕೊಡುವ ಬಡ್ಡಿಗಿಂತ ಹಿಡಿದುಕೊಳ್ಳುವ ಶುಲ್ಕವೇ ಜಾಸ್ತಿ. ಮಗಳು ಒಂದು ದಿನ ರೇಗಿದಳು.

"ಮೂಗಿಗಿಂತ ಮೂಗುತಿ ಭಾರ ಆಯ್ತಲ್ಲಮ್ಮಾ! ಹೊಸ ಬ್ಯಾಂಕಲ್ಲಿ ಬಡ್ಡಿ ಜಾಸ್ತಿ, ಶುಲ್ಕಾನೇ ಇಲ್ಲ. ಎಲ್ಲಾ ಫೋನಲ್ಲೇ ಆಗತ್ತೆ, ಹೋಗೋದೇ ಬೇಡ."

"ಹೋಗೋದೇ ಬೇಡ್ವಾ? ಹಾಗಾದ್ರೆ ಆ ಬ್ಯಾಂಕೇ ನಂಗೆ ಬೇಡ."

ತಲೆಬುಡ ತಿಳಿಯದ ಮಗಳು ಮರುದಿನ ಜೊತೆಗೇ ಹೋದಳು. ಕ್ಯೂ ಬಾಗಿಲು ದಾಟಿತ್ತು. ಟೈಲರಕ್ಕ ಕೊನೆಯಲ್ಲಿ ನಿಂತು ಮುಂದಿನವರ ಕಾಲರು, ತೋಳುಗಳ ಮೇಲೆ ಕಣ್ಣಾಡಿಸಿದಳು.

"ಅಣ್ಣಾ, ಬಗಲಲ್ಲಿ ಹೊಲಿಗೆ ಬಿಟ್ಟಿದೆ. ಸಂಜೆ ಮನೆ ಹತ್ರ ತನ್ನಿ."

ಕೌಂಟರ್ ಮುಟ್ಟುವಷ್ಟರಲ್ಲಿ ಮೂವರು ಗಿರಾಕಿಗಳು ಕುದುರಿದ್ದರು.

"ಈಗ ಹೇಳೇ," ಎಂದಳು ಟೈಲರಕ್ಕ, "ಪೇಟೆ ನಡುವೆ ಇಷ್ಟು ಕಮ್ಮಿ ಬಾಡಿಗೆಗೆ ಅಂಗಡಿ ಯಾರು ಕೊಡ್ತಾರೆ?"