ನಿನ್ನೆಗೆ ಬರೆದ ಮಳೆ

ನಮ್ಮ ದೊಡ್ಡಪ್ಪ ಕಲ್ಲೇಶಪ್ಪನವರು ಸೋಮವಾರಪೇಟೆ ಹತ್ತಿರದ ಎಸ್ಟೇಟೊಂದರಲ್ಲಿ ರೈಟರ್ ಆಗಿದ್ದರು. ಕೆಲಸಗಾರರ ಹಾಜರಿ ಬರೆಯುವುದು ಹೊಟ್ಟೆಪಾಡು, ಮಳೆ ಬರೆಯುವುದು ಹುಚ್ಚು. ಬೆಳಗ್ಗೆ ಎಂಟಕ್ಕೆ ಮಳೆಮಾಪಕದ ನೀರನ್ನು ಅಳತೆ ಗ್ಲಾಸಿಗೆ ಸುರಿದು, ಕಣ್ಣಿನ ಮಟ್ಟಕ್ಕೆ ಹಿಡಿದು, ಇಂಚಿನ ನೂರನೇ ಒಂದು ಪಾಲಾದ ಸೆಂಟಿನವರೆಗೂ ನೋಡಿ, "ಒಂದಿಂಚು ಇಪ್ಪತ್ತು ಸೆಂಟು" ಎಂದು ಗಟ್ಟಿಯಾಗಿ ಹೇಳಿಯೇ ಬರೆಯುತ್ತಿದ್ದರು. ಆ ದನಿ ಇನ್ನೂ ನನ್ನ ಕಿವಿಯಲ್ಲಿದೆ. ನಿವೃತ್ತರಾದ ಮೇಲೆ ಮನೆಯಂಗಳದಲ್ಲೇ ಒಂದು ಮಾಪಕ ನೆಟ್ಟರು. ಮಳೆ ಪುಸ್ತಕದ ಷರಾ ಕಾಲಮ್ಮಿನಲ್ಲಿ ಮಾತ್ರ ವರ್ಷಕ್ಕೊಂದೇ ಸಾಲು: "ಇವತ್ತು ಕಾಫಿ ಹೂ."

ನಾನು ಗಣಿತದ ಸಂಶೋಧನೆಗೆ ಆರಿಸಿಕೊಂಡದ್ದು ವಿಳಂಬ ಸಮೀಕರಣ, ಅಂದರೆ ಕಾರಣ ಇವತ್ತು, ಫಲ ಎಷ್ಟೋ ದಿನದ ಮೇಲೆ ಎನ್ನುವಂಥದ್ದರ ಲೆಕ್ಕ. ಬೇಸಿಗೆಯ ಹೂಮಳೆ ಬಿದ್ದ ಕೂಡಲೇ ಕಾಫಿ ಅರಳುವುದಿಲ್ಲ, ಮೊಗ್ಗಿಗೆ ಎಂಟೊಂಬತ್ತು ದಿನ ಬೇಕು. ಇಂಥದ್ದನ್ನು ಒಂದು ಸೂತ್ರ ಹಾಕಿ ಬಿಡಿಸುವುದು ಕಷ್ಟ. ಹಿಂದಿನ ದಿನಗಳನ್ನೆಲ್ಲ ಕೈಯಲ್ಲಿಟ್ಟುಕೊಂಡು ಒಂದೊಂದೇ ದಿನ ಮುಂದಕ್ಕೆ ಲೆಕ್ಕ ಹಾಕುತ್ತ ಹೋಗಬೇಕು. ಹಿಂದಿನದು ಗೊತ್ತಿಲ್ಲದಿದ್ದರೆ ಲೆಕ್ಕ ಶುರುವೇ ಆಗದು. ನನಗೆ ಬೇಕಾದ ಹಿಂದಿನದೆಲ್ಲ ದೊಡ್ಡಪ್ಪನ ಪುಸ್ತಕಗಳಲ್ಲಿತ್ತು.

ಸರ್ಕಾರಿ ಮಳೆಪಟ್ಟಿಯನ್ನು ಕಾಫಿ ಸಂಶೋಧನಾ ಕೇಂದ್ರದ ಹೂವಿನ ತಾರೀಖುಗಳ ಜೊತೆಗಿಟ್ಟು ವಿಳಂಬದ ಅವಧಿ ಹುಡುಕಿ, ಆ ಪುಸ್ತಕಗಳಿಗೆ ಹಚ್ಚಿದೆ. ಪ್ರತಿ ವರ್ಷವೂ ನನ್ನ ಲೆಕ್ಕದ ಹೂ ಅವರ ಹೂವಿಗಿಂತ ಒಂದು ದಿನ ಮೊದಲೇ ಅರಳಿತು. ನನಗೋ ಮೂಗಿನ ತುದಿಯಲ್ಲೇ ಕೋಪ.

"ದೊಡ್ಡಪ್ಪ, ನೀವು ಹೂ ಬಿಟ್ಟ ಮಾರನೇ ದಿನ ಬರ್ದಿದ್ದೀರ. ಮೂವತ್ತು ವರ್ಷದ್ದೂ ತಪ್ಪು!"

ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ಇರ್ಬೋದು ಕಣವ್ವ. ಓದಿರೋಳು ನೀನು."

ನಾನು ಬೇರೆ ಅಂಕಿಗಳಿಂದ ಪ್ರಬಂಧ ಮುಗಿಸಿದೆ, ಡಾಕ್ಟರೇಟೂ ಬಂತು. ಆ ಮಾತು ಮರೆತೇಬಿಟ್ಟೆ.

ಹೋದ ವರ್ಷ ದೊಡ್ಡಪ್ಪ ತೀರಿಕೊಂಡರು. ಈ ಮಾರ್ಚಿನಲ್ಲಿ ಊರಿಗೆ ಹೋಗಿದ್ದಾಗ ಒಂದು ಸಂಜೆ ಹೂಮಳೆ ಬಿತ್ತು. ಬೆಳಗ್ಗೆ ನಾನೇ ನೀರು ಅಳೆದು, ಪುಸ್ತಕ ತೆರೆದು ಆ ದಿನದ ತಾರೀಖು ಹಾಕಲು ಹೊರಟೆ. ದೊಡ್ಡಮ್ಮ ಮಹಾದೇವಮ್ಮ ತಡೆದರು.

"ಇವತ್ತಿಗ್ಯಾಕೆ ಬರೀತೀಯೆ ಸುಧಾ? ಮಳೆ ಬಿದ್ದಿದ್ದು ನಿನ್ನೆ ಅಲ್ವಾ? ನಿಮ್ಮ ದೊಡ್ಡಪ್ಪ ನಿನ್ನೆಗೇ ಬರೀತಿದ್ರು."

ನನ್ನ ಕೈ ಅಲ್ಲೇ ನಿಂತಿತು. ಸರ್ಕಾರಿ ಪಟ್ಟಿಯಲ್ಲಿ ಇರುವುದು ಮಳೆ ಅಳೆದ ದಿನದ ತಾರೀಖು, ದೊಡ್ಡಪ್ಪನ ಪುಸ್ತಕದಲ್ಲಿ ಮಳೆ ಬಿದ್ದ ದಿನದ್ದು. ಒಂದು ದಿನ ತಡವಾದ ಪಟ್ಟಿಯ ತಾರೀಖಿನಿಂದ ಎಣಿಸಿದ್ದಕ್ಕೆ ನನ್ನ ವಿಳಂಬ ಒಂದು ದಿನ ಕಮ್ಮಿ ಬಂದಿತ್ತು. ನಾನು ಹಿಡಿದ ಒಂದು ದಿನದ ತಪ್ಪು ಅದೇ. ಅವರ ಹೂಗಳೆಲ್ಲ ಸರಿಯಾದ ದಿನವೇ ಅರಳಿದ್ದವು. ಒಂದು ಮಾತು ಕೇಳಿದ್ದರೆ ಹೇಳುತ್ತಿದ್ದರು, ನಾನು ಕೇಳಲಿಲ್ಲ.

ಹಳೆಯ ಪುಟಗಳನ್ನು ತಿರುವಿದೆ. ನಾನು ತಪ್ಪು ಎಂದ ಮರುವರ್ಷದಿಂದ ಷರಾ ಉದ್ದವಾಗಿತ್ತು: "ಸುಧಾ ಹೇಳಿದ್ದಕ್ಕೆ ನಿನ್ನೆಯೇ ತೋಟಕ್ಕೆ ಹೋಗಿ ನೋಡಿದೆ. ಬರೀ ಮೊಗ್ಗು. ಇವತ್ತು ಹೂ." ಹನ್ನೊಂದು ವರ್ಷ ಅದೇ ಸಾಲು. ಮಂಡಿನೋವಿನಲ್ಲಿ ಕೋಲೂರಿಕೊಂಡು ನಡೆಯುತ್ತಿದ್ದ ಕೊನೆಯ ವರ್ಷವೂ ಹೋಗಿ ನೋಡಿದ್ದರು.

ಜಗಲಿಯಲ್ಲಿ ಕೂತು ಅತ್ತುಬಿಟ್ಟೆ. ಆಮೇಲೆ ನಿನ್ನೆಯ ತಾರೀಖಿಗೆ ಎಂಬತ್ತು ಸೆಂಟು ಎಂದು ಬರೆದೆ. ಪಕ್ಕದ ಷರಾದಲ್ಲಿ, "ತಪ್ಪು ನನ್ನದು, ದೊಡ್ಡಪ್ಪ" ಎಂದು ಬರೆದೆ.