ಓರಗಿತ್ತಿಗೆ ಆರು ಸಾಲು

ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಎಲ್ಲರೂ ಅವಳನ್ನು ಇಸ್ತ್ರಿಯಮ್ಮ ಎಂದೇ ಕರೆಯುತ್ತಿದ್ದರು. ಹಿಂಡಿ ಬಂದ ಹಾಸಿಗೆಯ ಹೊದಿಕೆಗಳನ್ನು ಇಸ್ತ್ರಿ ಮಾಡುವ ಬಿಸಿ ಉರುಳೆಗೆ ಕೊಡುವುದು, ಆಚೆ ಬದಿಗೆ ಹೋಗಿ ಹಿಡಿದು ಮಡಿಸುವುದು ಅವಳ ಕೆಲಸ. ಮಧ್ಯಾಹ್ನ ಉರುಳೆ ನಿಂತಾಗ ಉಳಿದವರು ಕಾಲು ಚಾಚಿ ಮಲಗಿದರೆ, ಅವಳು ಬಟ್ಟೆಗಂಟಿಗೆ ಒರಗಿ ಫೋನಿಗೆ ಪಿಸುಗುಡುತ್ತಿದ್ದಳು. ಆಡಿದ ಮಾತನ್ನು ಫೋನೇ ಅಕ್ಷರ ಮಾಡಿಕೊಡುತ್ತಿತ್ತು. ಹಾಗೆ ಒಂದು ಜಾಲತಾಣದಲ್ಲಿ ಅವಳ ಕಥೆ ಕಂತು ಕಂತಾಗಿ ಬೆಳೆಯಿತು.

ಒಂದೇ ಅಡುಗೆಮನೆಯಲ್ಲಿ ಬದುಕು ಸವೆಸಿದ ಇಬ್ಬರು ಓರಗಿತ್ತಿಯರ ಕಥೆ ಅದು. ಕಿರಿಯವಳು ತಾನೇ. ಹಿರಿಯವಳು ಮನೆಯಲ್ಲಿದ್ದ ಅಕ್ಕ, ಅಂದರೆ ಭಾವನ ಹೆಂಡತಿ. ಅವರ ಗಂಡಂದಿರಾದ ಅಣ್ಣತಮ್ಮಂದಿರಿಬ್ಬರೂ ತೀರಿಹೋಗಿದ್ದರು, ಮನೆಯಲ್ಲಿ ಈಗ ಇವರಿಬ್ಬರೇ.

ಜಾಲತಾಣದಲ್ಲಿ ಹಾಕಿದ್ದನ್ನು ಬೇಕೆಂದಾಗ ತಿದ್ದಬಹುದಿತ್ತು. ಅದೇ ಚಟವಾಯಿತು, ಅದರಲ್ಲೂ ಗಂಡ ಸತ್ತ ದಿನದ ಅಧ್ಯಾಯದಲ್ಲಿ. ಇಸ್ತ್ರಿಯಮ್ಮನ ಗಂಡ ಆಸ್ಪತ್ರೆಯಲ್ಲಿ ತೀರಿಕೊಂಡ ಬೆಳಿಗ್ಗೆ ಅವಳು ಒಬ್ಬಳೇ ಮನೆಗೆ ಬಂದರೆ ಒಳಗಿನಿಂದ ಅಗುಳಿ ಹಾಕಿತ್ತು. ಬಡಿದು ಬಡಿದು ಕೈ ಸೋತಿತು. ಬಿಸಿಲು ನೆತ್ತಿಗೇರುವ ತನಕ ಮೆಟ್ಟಿಲ ಮೇಲೆ ಕೂತಿದ್ದಳು. ಆಮೇಲೆ ಅಕ್ಕ ಬಾಗಿಲು ತೆಗೆದು, ಒಂದು ಮಾತೂ ಆಡದೆ ನೀರು ಕಾಯಿಸಿ ತಂದು, ಇಡೀ ರಾತ್ರಿ ನಿಂತು ಬಾತಿದ್ದ ಅವಳ ಕಾಲಿಗೆ ಸುರಿದಿದ್ದಳು. ನಡೆದದ್ದು ಎರಡೂ. ಆದರೆ ಅಕ್ಕನ ಜೊತೆ ಜಗಳವಾದ ದಿನ ಆ ಅಧ್ಯಾಯ ಮುಚ್ಚಿದ ಬಾಗಿಲಿಗೇ ಮುಗಿಯುತ್ತಿತ್ತು. ರಾಜಿಯಾದ ದಿನ ಅಗುಳಿ ಮಾಯವಾಗಿ ಬಿಸಿನೀರು ಮಾತ್ರ ಉಳಿಯುತ್ತಿತ್ತು. ಹಾಗಾಗಿ ಇವತ್ತು ಓದಿದವರು ಓರಗಿತ್ತಿಗೆ ಹಿಡಿಶಾಪ ಹಾಕಿದರೆ, ವಾರ ಬಿಟ್ಟು ಓದಿದವರು ಇಂಥ ಅಕ್ಕ ಎಲ್ಲರಿಗೂ ಸಿಗಲಿ ಎಂದು ಬರೆಯುತ್ತಿದ್ದರು. ಕೆಳಗೆ ಅವರವರಲ್ಲೇ ಕಿತ್ತಾಟ.

ಅಕ್ಕ ಮಾತ್ರ ಓದಿರಲಿಲ್ಲ. "ಗಾಜಿನ ಮೇಲಿನ ಅಕ್ಷರ ಬೆರಳು ತಾಗಿದ್ರೆ ಓಡಿಹೋಗತ್ತೆ ಕಣೆ. ಕಾಗದದ ಮೇಲೆ ಬಂದಾಗ ಕೊಡು" ಎಂದಿದ್ದಳು. ಕಾಗದದ ಮೇಲೆ ಎಲ್ಲಿಂದ ಬರಬೇಕು ಎಂಬ ಧೈರ್ಯದಲ್ಲೇ ಇಸ್ತ್ರಿಯಮ್ಮ ಅಷ್ಟೆಲ್ಲ ಕೈಯಾಡಿಸಿದ್ದು.

ಬಂದೇಬಿಟ್ಟಿತು. ಸಣ್ಣ ಪ್ರೆಸ್ಸೊಂದರ ಯಜಮಾನ ಕಥೆ ಮೆಚ್ಚಿ, ಪುಸ್ತಕ ಮಾಡುತ್ತೇನೆಂದು ಜಾಲತಾಣದಿಂದ ಪೂರ್ತಿ ಇಳಿಸಿಕೊಂಡ. ಅಚ್ಚಿಗೆ ಮುಂಚೆ ನೋಡಿಕೊಡಿ ಎಂದು ಕರಡು ಪುಟಗಳ ಕಟ್ಟನ್ನು ಮನೆಗೇ ಕಳಿಸಿದ. ಅವತ್ತು ಇಸ್ತ್ರಿಯಮ್ಮ ಕೆಲಸದಲ್ಲಿದ್ದಳು. ಸಂಜೆ ಸೊಂಟ ಹಿಡಿದುಕೊಂಡು ಮನೆಗೆ ಬಂದರೆ, ಅಕ್ಕ ಕನ್ನಡಕ ಹಾಕಿ ಊಟದ ಮೇಜಿನ ಮುಂದೆ ಕೂತಿದ್ದಾಳೆ. ಎಡಕ್ಕೆ ಓದಿದ ಹಾಳೆ, ಬಲಕ್ಕೆ ಓದದ್ದು.

"ಬಂದ್ಯಾ. ನಿನ್ನ ಕಾಗದ ಬಂತು. ಗಂಟು ಬಿಚ್ಚಿಬಿಟ್ಟೆ."

"ಎಲ್ಲೀತನಕ ಓದಿದ್ಯಕ್ಕ?"

"ಮೆಟ್ಟಿಲ ತನಕ. ನೀನಿನ್ನೂ ಅಲ್ಲೇ ಕೂತಿದೀಯ."

ಇಸ್ತ್ರಿಯಮ್ಮ ಚಪ್ಪಲಿಯನ್ನೂ ಬಿಡದೆ ಎದುರಿನ ಕುರ್ಚಿಗೆ ಕುಸಿದಳು. ತಪ್ಪಾಯಿತು ಎನ್ನುವುದು ಹೇಗೆ? ಬರೆದದ್ದು ಸುಳ್ಳಲ್ಲವಲ್ಲ.

"ಆಮೇಲೆ ಬಾಗಿಲು ತೆಗೀಲೇ ಇಲ್ವಾ ನಾನು?" ಅಕ್ಕ ಕೇಳಿದಳು.

"ತೆಗ್ದೆ."

"ಮತ್ತೆ ಎಲ್ಲಿ ಹೋಯ್ತು ಅದು?"

"ಮೋರಿ ಕಟ್ಕೊಂಡಿದ್ದಕ್ಕೆ ನನ್ನ ಬೈದಿದ್ಯಲ್ಲ, ಅವತ್ತು ಅಳಿಸಿದ್ದೆ. ಮತ್ತೆ ಹಾಕೋಷ್ಟರಲ್ಲಿ ಪ್ರೆಸ್ಸಿನವನು ಇಳಿಸ್ಕೊಂಡುಬಿಟ್ಟ."

"ಮೋರಿಗೆ ಇಷ್ಟು ಶಿಕ್ಷೆ ಅಂತ ಗೊತ್ತಿದ್ರೆ ನಾನೇ ಕಡ್ಡಿ ಹಿಡ್ಕೊಂಡು ಕೂರ್ತಿದ್ನಲ್ಲೇ." ಅಕ್ಕ ಹಾಳೆಯ ಮೇಲೆ ಬೆರಳಿಟ್ಟಳು. "ಇದೇನಿದು? 'ಇನ್ನು ಇವಳ ಹೊರೆ ತನ್ನ ಕೊರಳಿಗೆ ಬೀಳುತ್ತದೆಂದು ಅವಳು ಬಾಗಿಲು ತೆಗೆಯಲಿಲ್ಲ.' ಹಾಗಂತ ನಾನು ಯಾವಾಗ ಅಂದೆ?"

"ಅನ್ನಲಿಲ್ಲ. ನಾನೇ ಅಂದ್ಕೊಂಡೆ. ಮತ್ಯಾಕೆ ತೆಗೀಲಿಲ್ಲ?"

ಇಷ್ಟು ವರ್ಷ ಕೇಳದೆ ನುಂಗಿಕೊಂಡದ್ದು, ದಣಿವಿನ ಭರದಲ್ಲಿ ತಾನಾಗಿ ಹೊರಬಿತ್ತು.

"ನಿದ್ದೆ ಹತ್ತಿತ್ತು."

"ನಿದ್ದೆನಾ?"

"ನೀನು ಉರುಳೆ ಮುಂದೆ ನಿಂತಿರ್ತಿದ್ದೆ. ಹಾಸಿಗೆ ಹಿಡಿದಿದ್ದ ನಿನ್ನ ಗಂಡನ ಮಗ್ಗುಲು ಬದಲಾಯಿಸ್ತಿದ್ದೋರು ಯಾರು? ಆ ರಾತ್ರಿ ನೀವಿಬ್ರೂ ಆಸ್ಪತ್ರೆಗೆ ಹೋದ ಮೇಲೆ ಅಗುಳಿ ಹಾಕಿ ನೆಲಕ್ಕೆ ಬಿದ್ದೆ. ಬಡಿದಿದ್ದು ಎಲ್ಲೋ ಬೇರೆ ಮನೇಲಿ ಅನ್ನಿಸ್ತು."

"ಹೇಳಬಹುದಿತ್ತಲ್ಲ."

"ಮೈದುನ ಸತ್ತ ದಿನ ಗೊರಕೆ ಹೊಡೀತಿದ್ದೆ ಅಂತಲಾ? ಅದಕ್ಕಿಂತ ಕೆಟ್ಟೋಳು ಅನ್ನಿಸ್ಕೊಳ್ಳೋದೇ ವಾಸಿ ಅನ್ನಿಸ್ತು."

ನಂಬಬೇಕೋ ಬೇಡವೋ ಇಸ್ತ್ರಿಯಮ್ಮನಿಗೆ ತಿಳಿಯಲಿಲ್ಲ. ಆ ಮುಚ್ಚಿದ ಬಾಗಿಲನ್ನು ಅವಳು ಎಷ್ಟು ಜಗಳಗಳಿಗೆ ಊರುಗೋಲು ಮಾಡಿಕೊಂಡಿದ್ದಳು. ಈಗ ಬರೀ ನಿದ್ದೆ ಎಂದರೆ ಆ ಸಿಟ್ಟನ್ನು ಎಲ್ಲಿ ಇಳಿಸುವುದು? ಜಾಲತಾಣವಾಗಿದ್ದರೆ ಇವತ್ತಿಗೊಂದು, ನಾಳೆಗೊಂದು ಬರೆದು ತಳ್ಳಬಹುದಿತ್ತು. ಪುಸ್ತಕದಲ್ಲಿ ಅಕ್ಕ ಹೇಗೆ ಕೂತಳೋ ಹಾಗೆಯೇ ಉಳಿಯುತ್ತಾಳೆ, ತಾವಿಬ್ಬರೂ ಹೋದ ಮೇಲೂ.

ಮೆಟ್ಟಿಲ ಅಧ್ಯಾಯ ತಿದ್ದಬೇಕೆಂದು ಪ್ರೆಸ್ಸಿನವನಿಗೆ ಫೋನು ಮಾಡಿದಳು. ಅವನ ದನಿಯೂ ಸುಸ್ತಾಗಿತ್ತು.

"ನಾಳೆ ಬೆಳಿಗ್ಗೆ ಪುಸ್ತಕ ಅಚ್ಚಿನ ಮಿಷನ್ನಿಗೆ ಹೋಗ್ಬೇಕಮ್ಮ. ಆ ಅಧ್ಯಾಯದ ಕೊನೇ ಪುಟದ ಕೆಳಗೆ ಆರು ಸಾಲಿನ ಜಾಗ ಇದೆ. ಅದ್ರೊಳಗೆ ಏನಾದ್ರೂ ತುಂಬಿಕೊಡಿ. ಏಳನೇದು ಬಂದ್ರೆ ಮುಂದಿನ ಪುಟ ಎಲ್ಲ ಜಾರತ್ತೆ."

"ಇನ್ನೊಂದಿನ ಯೋಚನೆ ಮಾಡ್ಲಾ?"

"ಯೋಚನೆ ಮುಗೀಲಿ ಅಂತ ಕಾದ್ರೆ ಯಾವ ಪುಸ್ತಕಾನೂ ಅಚ್ಚಾಗಲ್ಲಮ್ಮ."

ಫೋನಿಗೆ ಪಿಸುಗುಡೋಣವೆಂದರೆ ಅಕ್ಕ ಎದುರಿಗೇ ಇದ್ದಳು. ಇಸ್ತ್ರಿಯಮ್ಮ ಪೆನ್ಸಿಲ್ ತೆಗೆದುಕೊಂಡಳು. ಕೈಯಲ್ಲಿ ಬರೆದು ಅಭ್ಯಾಸ ತಪ್ಪಿ ಒಂದೊಂದು ಅಕ್ಷರವೂ ಗುಡ್ಡ ಹತ್ತಿ ಇಳಿದಂತಿತ್ತು. ಅಗುಳಿಯನ್ನು ಹಾಗೇ ಬಿಟ್ಟಳು. ಕೊರಳಿಗೆ ಬೀಳುವ ಮಾತಿನ ಮೇಲೆ ಗೀಟು ಎಳೆದಳು. ಎಳೆಯುವಾಗ ಪೆನ್ಸಿಲ್ಲು ಸ್ವಲ್ಪ ತಡೆಯಿತು. ಕೆಳಗಿನ ಖಾಲಿಯಲ್ಲಿ ಬಿಸಿನೀರನ್ನು ಬರೆದಳು, ಬಾತ ಕಾಲನ್ನು ಬರೆದಳು. ಅದರ ಕೆಳಗೂ ಬರೆದು, ಹಾಳೆಯ ಫೋಟೋ ತೆಗೆದು ಕಳಿಸಿ, ಆಗ ಚಪ್ಪಲಿ ಬಿಚ್ಚಿದಳು.

"ನಿದ್ದೆ ಅಂತ ಬರೆದ್ಯಾ?" ಅಕ್ಕ ಕೇಳಿದಳು.

"ಬರೆದೆ."

"ನಂಬಿದ್ಯಾ?"

"ಬರ್ದಿದೀನಲ್ಲ ಅಕ್ಕ."

ಅಕ್ಕ ಬಲಗಡೆಯ ಓದದ ಹಾಳೆಗಳನ್ನು ಹತ್ತಿರಕ್ಕೆ ಎಳೆದುಕೊಂಡಳು.