ಖಾಲಿ ಸ್ಟೂಲಿನ ಮೇಲೆ ಫೋಕಸ್

ಆ ಬೀದಿಯಲ್ಲಿ ಅವಳ ನಿಜವಾದ ಹೆಸರು ಯಾರಿಗೂ ಬೇಕಾಗಿರಲಿಲ್ಲ. ಇಪ್ಪತ್ತಾರು ವರ್ಷದಿಂದ ಪಾಸ್‌ಪೋರ್ಟ್ ಅಳತೆಯ ಫೋಟೋ ತೆಗೆಯುತ್ತ, ಸ್ಟೂಲಿನ ಮೇಲೆ ಕೂತವರಿಗೆಲ್ಲ "ಅಲ್ಲಾಡಬೇಡಿ, ಅಲ್ಲಾಡಬೇಡಿ" ಎಂದು ಗದರುತ್ತ ಬಂದಿದ್ದರಿಂದ ಊರಿಗೆಲ್ಲ ಅವಳು ಅಲ್ಲಾಡಬೇಡಿ ಅಕ್ಕ. ಬ್ಯಾಂಕಿನ ಮ್ಯಾನೇಜರನಾಗಲಿ, ಹಲ್ಲಿಲ್ಲದ ಅಜ್ಜನಾಗಲಿ, ಅವಳಿಗೆ ಎಲ್ಲರೂ ಒಂದೇ. ಗಲ್ಲ ಹಿಡಿದು ನೆಟ್ಟಗೆ ಮಾಡಿ, ಕೂದಲನ್ನು ಕಿವಿಯ ಹಿಂದೆ ಸರಿಸಿ, ಆಮೇಲೆಯೇ ಕ್ಲಿಕ್. ಎರಡೂ ಕಿವಿ ಕಾಣದ ಫೋಟೋವನ್ನು ಕಚೇರಿಯವರು ವಾಪಸು ಕಳಿಸುತ್ತಾರೆ. ಹಾಗಾಗಿ ಅಕ್ಕ ಜನರನ್ನು ಗುರುತಿಟ್ಟುಕೊಳ್ಳುತ್ತಿದ್ದುದೂ ಕಿವಿಯಿಂದಲೇ. "ಮುಖ ದಪ್ಪ ಆಗುತ್ತೆ, ಸಣ್ಣ ಆಗುತ್ತೆ, ಗಡ್ಡ ಬರುತ್ತೆ. ಕಿವಿ ಮಾತ್ರ ಇದ್ದ ಹಾಗೇ ಇರುತ್ತೆ" ಎನ್ನುವುದು ಅವಳ ಶಾಸ್ತ್ರ.

ಅವಳ ಕ್ಯಾಮೆರಾ ಕೆಟ್ಟು ನಿಂತದ್ದು ಒಂದು ಗುರುವಾರ. ಸೋಮವಾರ ಕಾರ್ಖಾನೆಯ ಮುನ್ನೂರು ಜನರಿಗೆ ಗುರುತಿನ ಚೀಟಿಯ ಫೋಟೋ ತೆಗೆಯಬೇಕಿತ್ತು. ಕೆಡುವುದಕ್ಕೂ ಒಂದು ಮುಹೂರ್ತ ನೋಡಿಕೊಳ್ಳುತ್ತವೆ ಈ ಯಂತ್ರಗಳು. ರಿಪೇರಿಯವನು ಅದನ್ನು ಬಿಚ್ಚಿ, ಮುಚ್ಚಿ, "ಅಕ್ಕ, ಇದಕ್ಕೆ ಇನ್ನು ಔಷಧಿ ಇಲ್ಲ" ಎಂದುಬಿಟ್ಟ. ಹೊಸದು ಕೊಳ್ಳುವ ತ್ರಾಣ ಇರಲಿಲ್ಲ. ಫೋನಿನಲ್ಲಿ ಹುಡುಕಿದಾಗ ಹದಿಮೂರು ವರ್ಷದ ಹಳೆಯ ಡಿಎಸ್ಎಲ್ಆರ್ ಕ್ಯಾಮೆರಾ ಒಂದು ಕಂಡಿತು. ಮಾರುವವಳು ಎರಡು ಗಂಟೆಯ ಬಸ್ಸಿನ ದಾರಿಯಲ್ಲಿದ್ದ ದೊಡ್ಡ ಊರಿನವಳು, ಗಂಡ ತೀರಿಕೊಂಡವಳು.

ಶುಕ್ರವಾರ ಅಕ್ಕ ಹೋಗಿ ನೋಡಿದಳು. ಹಳೇ ಕ್ಯಾಮೆರಾ ಕೊಳ್ಳುವಾಗ ಅವಳಷ್ಟು ಅನುಮಾನದವರು ಯಾರೂ ಇಲ್ಲ. ಲೆನ್ಸಿನೊಳಗೆ ಟಾರ್ಚು ಬಿಟ್ಟು ಬೂಷ್ಟು ಹುಡುಕಿದಳು, ಹಿಡಿಯ ರಬ್ಬರು ಎಳೆದು ನೋಡಿದಳು, ಶಟರ್ ಎಷ್ಟು ಸಲ ಬಡಿದಿದೆ ಎಂದು ಲೆಕ್ಕ ತೆಗೆಸಿ ನೋಡಿದಳು. ಇಪ್ಪತ್ತೆರಡು ಸಾವಿರ. ಮದುವೆ ಫೋಟೋ ತೆಗೆಯುವವರು ಒಂದೇ ವರ್ಷದಲ್ಲಿ ಇದಕ್ಕಿಂತ ಹೆಚ್ಚು ಬಡಿಯುತ್ತಾರೆ. ಇಷ್ಟು ಒಳ್ಳೆಯ ಮಾಲು ಇಷ್ಟು ಕಡಿಮೆಗೆ ಯಾಕೆ ಎಂದು ಅವಳ ಮನಸ್ಸು ಕೊರೆಯಿತು. ಆದರೆ ಮಾರುವವಳು, "ಎರಡು ದಿನ ಇಟ್ಕೊಂಡು ನೋಡಿ. ಬೇಡ ಅನ್ನಿಸಿದ್ರೆ ಭಾನುವಾರ ತಂದುಕೊಡಿ" ಎಂದಳು. ಚೀಲದ ಸಮೇತ ಕೊಟ್ಟಳು. ಚೀಲದ ಜೇಬಿನಲ್ಲಿ ಒಂದು ಹಳೆಯ ಮೆಮೊರಿ ಕಾರ್ಡೂ ಇತ್ತು.

ಶನಿವಾರ ಬೆಳಿಗ್ಗೆ, ಗಿರಾಕಿಗಳು ಸ್ಟುಡಿಯೋಗೆ ಬರುವ ಮುಂಚೆ, ಅಕ್ಕ ತನ್ನ ಕಾರ್ಡು ಹಾಕಿ ಕ್ಯಾಮೆರಾವನ್ನು ಸ್ಟ್ಯಾಂಡಿಗೆ ಏರಿಸಿದಳು. ಎದುರಿಗೆ ಬಿಳಿ ಪರದೆ, ಪರದೆಯ ಮುಂದೆ ಖಾಲಿ ಸ್ಟೂಲು. ಕೂತವರ ಮುಖ ಬರುವ ಎತ್ತರಕ್ಕೆ ಗುರಿ ಹಿಡಿದು ಗುಂಡಿಯನ್ನು ಅರ್ಧ ಒತ್ತಿದಳು.

ಕ್ಯಾಮೆರಾ ಕೀ ಎಂದಿತು. ಫೋಕಸ್ ಹಿಡಿದಾಗ ಅದು ಮಾಡುವ ಸದ್ದು.

ಅಕ್ಕ ಕ್ಯಾಮೆರಾದಿಂದ ಕಣ್ಣು ತೆಗೆದು ಪರದೆಯತ್ತ ನೋಡಿದಳು. ಈ ಕಸುಬಿನವರಿಗೆ ಗೊತ್ತಿರುವ ಮೊದಲ ಪಾಠ ಇದು: ಬರೀ ಬಿಳಿ ಗೋಡೆಗೆ ಗುರಿ ಹಿಡಿದರೆ ಲೆನ್ಸು ಹಿಂದೆ ಮುಂದೆ ತಡಕಾಡಿ ಸೋಲುತ್ತದೆ. ಗೆರೆಯೋ ಕಣ್ಣೋ ಹುಬ್ಬೋ ಏನಾದರೂ ಸಿಗಬೇಕು ಅದಕ್ಕೆ. ಇದು ಮಾತ್ರ ತಡಕಾಡದೆ ಥಟ್ಟನೆ ನಿಂತಿತ್ತು. ಲೆನ್ಸಿನ ಮೇಲಿನ ದೂರದ ಅಂಕಿ ನೋಡಿದಳು. ಐದು ಅಡಿ. ಪರದೆ ಇರುವುದು ಎಂಟು ಅಡಿಯಲ್ಲಿ. ಐದು ಅಡಿಯಲ್ಲಿ ಇರುವುದು ಸ್ಟೂಲು.

ತನ್ನ ಹಳೆಯ ಲೆನ್ಸು ಹಾಕಿದಳು. ಕೀ. ದೀಪ ಆರಿಸಿ ಹಚ್ಚಿದಳು. ಕೀ. ಸ್ಟೂಲನ್ನು ಎತ್ತಿ ಮೂಲೆಗಿಟ್ಟಳು. ಈಗ ಲೆನ್ಸು ಗರಗರ ತಿರುಗಿ, ಏನೂ ಸಿಗದೆ ಸೋತು ನಿಂತಿತು. ಹಾಗೆ ಆಗಬೇಕಾದದ್ದೇ. ಸಮಾಧಾನದಿಂದ ಸ್ಟೂಲನ್ನು ತಂದು ಮತ್ತೆ ಅಲ್ಲೇ ಇಟ್ಟಳು. ಗುಂಡಿ ಒತ್ತಿದಳು. ಈ ಸಲ ಸೋತಿತು. ಅಬ್ಬ ಎಂದುಕೊಂಡಳು. ಎರಡು ಉಸಿರಿನಷ್ಟು ಹೊತ್ತು ಬಿಟ್ಟು, ಯಾರೋ ಬಂದು ಕೂರುವುದಕ್ಕೆ ಬೇಕಾಗುವಷ್ಟೇ ಹೊತ್ತು ಬಿಟ್ಟು, ಇನ್ನೊಮ್ಮೆ ಒತ್ತಿದಳು.

ಕೀ.

ಅವಳು ಹೆದರಿದಳು. ಇಷ್ಟು ವರ್ಷ ಅದೇ ಕೋಣೆಯಲ್ಲಿ ಒಬ್ಬಳೇ ಕೆಲಸ ಮಾಡಿದವಳಿಗೆ ಆ ಹೊತ್ತು ಬೆನ್ನು ತಿರುಗಿಸಿ ಬಾಗಿಲಿನ ತನಕ ನಡೆಯುವುದೇ ಕಷ್ಟವಾಯಿತು.

ಹೊರಗಿನ ಕಟ್ಟೆಯ ಮೇಲೆ ಕೂತು ಮಾರಿದವಳಿಗೆ ಫೋನು ಮಾಡಿದಳು. "ಕ್ಯಾಮೆರಾದಲ್ಲಿ ಒಂದು ತೊಂದರೆ ಇದೆ" ಎಂದು ಶುರು ಮಾಡುವಷ್ಟರಲ್ಲಿ ಆ ಕಡೆಯಿಂದ ಅವಳೇ ಕೇಳಿದಳು, "ಖಾಲಿ ಕುರ್ಚಿಗೆ ಕೀ ಅನ್ನುತ್ತಾ?"

ಅಕ್ಕ ಹೌದೆಂದಳು.

"ನಮ್ಮ ಮನೇಲೂ ಹಾಗೇ ಆಯ್ತು. ನಮ್ಮ ಯಜಮಾನ್ರು ದೊಡ್ಡಾಸ್ಪತ್ರೆ ಶವಾಗಾರದಲ್ಲಿ ಫೋಟೋ ತೆಗೀತಿದ್ರು. ಗುರುತು ಸಿಗದವರದ್ದು. ಒಬ್ಬೊಬ್ಬರನ್ನೂ ಎತ್ತಿ ಒರಗಿಸಿ, ತಲೆ ಬಾಚಿ, 'ಸ್ವಲ್ಪ ಈ ಕಡೆ ನೋಡಪ್ಪ' ಅಂತ ಮಾತಾಡಿಸಿ ತೆಗೀತಿದ್ರಂತೆ. ಮನೆಯವರು ಬಂದ್ರೆ ಗುರುತು ಸಿಗಬೇಕಲ್ಲ ಅಂತ. ಅವರು ಹೋದ ಮೇಲೆ ಒಂದಿನ ನಾನು ಸುಮ್ಮನೆ ಅವರ ಕುರ್ಚಿ ಕಡೆ ಹಿಡಿದೆ, ಕೀ ಅಂತು. ಅವರೇ ಇರಬೇಕು ಅಂತ ನನಗೆ ಖುಷಿ ಆಯ್ತು ನೋಡಿ. ಆಮೇಲೆ ಗೊತ್ತಾಯ್ತು, ಅದು ಹಿಡೀತಿದ್ದ ಎತ್ತರ ಬೇರೆ. ನಮ್ಮವರು ಅಷ್ಟು ಎತ್ತರ ಇರಲಿಲ್ಲ."

"ಮೊದಲೇ ಹೇಳಬಾರದಿತ್ತಾ ತಾಯಿ?"

"ಹೇಳಿದ್ರೆ ಕೊಳ್ತಿದ್ರಾ?" ಎಂದಳು ಅವಳು. "ಆ ಫೋಟೋಗಳು ಚೀಲದ ಕಾರ್ಡಿನಲ್ಲೇ ಇವೆ. ನನಗೆ ನೋಡೋ ಧೈರ್ಯ ಇಲ್ಲ."

ಬೇರೆ ಯಾರೇ ಆಗಿದ್ದರೂ ಅಷ್ಟಕ್ಕೇ ಕ್ಯಾಮೆರಾವನ್ನು ಚೀಲಕ್ಕೆ ತುಂಬಿ ಮುಂದಿನ ಬಸ್ಸು ಹತ್ತುತ್ತಿದ್ದರು. ಅಕ್ಕ ಹತ್ತಲಿಲ್ಲ. ಅವಳಿಗೊಬ್ಬ ಎತ್ತರದ ತಮ್ಮನಿದ್ದ. ಒಂಬತ್ತು ವರ್ಷದ ಹಿಂದೆ, ಒಂದು ಕೆಲಸದ ಅರ್ಜಿಗೆ ಅದೇ ಸ್ಟೂಲಿನ ಮೇಲೆ ಕೂತು ಫೋಟೋ ತೆಗೆಸಿಕೊಂಡು, ಆ ದೊಡ್ಡ ಊರಿಗೆ ಹೋದವನು ತಿರುಗಿ ಬರಲಿಲ್ಲ. ಠಾಣೆಗೆ ದೂರು ಕೊಟ್ಟರು, ಅವನ ಗೆಳೆಯರನ್ನೆಲ್ಲ ಕೇಳಿದರು. ಆಸ್ಪತ್ರೆಗಳಲ್ಲಿ ವಿಚಾರಿಸೋಣ ಎಂದಾಗ ಮಾತ್ರ ಅಮ್ಮ ಬಾಗಿಲಿಗೆ ಅಡ್ಡ ನಿಂತಿದ್ದಳು. "ಅಲ್ಲಿ ಹುಡುಕೋದು ಅಂದ್ರೆ ಅವನು ಸತ್ತ ಅಂತ ನಾವೇ ಒಪ್ಪಿಕೊಂಡ ಹಾಗೆ. ನನ್ನ ಮಗ ಬರ್ತಾನೆ." ಅಂದಿನಿಂದ ಆ ಮನೆಯಲ್ಲಿ ತಮ್ಮ ಬದುಕಿಯೇ ಇದ್ದ. ಅವನಿಗೆ ಈಗ ಎಷ್ಟು ವಯಸ್ಸು, ಹೊಟ್ಟೆ ಬಂದಿರಬಹುದೇ, ಮದುವೆ ಆಗಿರಬಹುದೇ ಎಂದು ಅಮ್ಮ ಊಟದ ಹೊತ್ತಿಗೆ ಮಾತಾಡುತ್ತಿದ್ದಳು. ಅಕ್ಕ ಹೂಂಗುಟ್ಟುತ್ತಿದ್ದಳು. ಅಮ್ಮ ಆ ನಂಬಿಕೆಯ ಮೇಲೆಯೇ ಎದ್ದು ಓಡಾಡುತ್ತಿದ್ದಾಳೆ ಎನ್ನುವುದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಈಗ ಆ ಕಾರ್ಡು ಅವಳ ಅಂಗೈಯಲ್ಲಿತ್ತು. ಹಳೇ ಕಾರ್ಡು ಕೈಗೆ ಬಂದರೆ ಮೊದಲು ಅಳಿಸುವುದು ಅವಳ ಅಭ್ಯಾಸ. ಅಳಿಸಿದರೆ ಸೋಮವಾರದ ಕೆಲಸ ಮಾಡಿಕೊಂಡು ಸುಮ್ಮನಿರಬಹುದು, ತಮ್ಮನೂ ಬದುಕಿರುತ್ತಾನೆ. ನೋಡಿದರೆ ನೋಡಿದ್ದನ್ನು ವಾಪಸು ಮಾಡಲು ಯಾವ ಬಸ್ಸೂ ಇಲ್ಲ. ನುಂಗಲಾರದ, ಉಗುಳಲಾರದ ತುತ್ತು.

"ಯಾರ ಜೊತೆ ಅಷ್ಟು ಹೊತ್ತು ಮಾತಾಡ್ತಿದ್ದೆ?" ಸ್ಟುಡಿಯೋದ ಹಿಂದೆಯೇ ಇದ್ದ ಮನೆಯಿಂದ ಅಮ್ಮ ಬಂದಿದ್ದಳು. ಅಕ್ಕ ಏನೋ ಸುಳ್ಳು ಹೇಳಹೋದಳು. ಸುಳ್ಳು ಹೇಳಿ ಅಭ್ಯಾಸವಿಲ್ಲದವರ ಮುಖ ಮೊದಲೇ ಚಾಡಿ ಹೇಳಿಬಿಡುತ್ತದೆ. ಅಮ್ಮ ಬಿಡಲಿಲ್ಲ. ಕೆದಕಿ ಕೆದಕಿ ಎಲ್ಲವನ್ನೂ ಕೇಳಿಸಿಕೊಂಡಳು. ಅತ್ತು ರಂಪ ಮಾಡುತ್ತಾಳೆಂದು ಅಕ್ಕ ಕಾದಳು. ಅಮ್ಮ ಸ್ಟುಡಿಯೋದ ಒಳಗೆ ನಡೆದು, ಮಂಡಿನೋವಿಗೆ ಆಸರೆಯೆಂದು ಸ್ಟೂಲಿನ ಮೇಲೆ ಕೈಯೂರಿದಳು. ಕೂಡಲೇ ಕೈ ತೆಗೆದಳು.

"ಈಗ ಯಾರು ಕೂತಿದ್ರೇ ಇಲ್ಲಿ? ಬೆಚ್ಚಗಿದೆ."

ಬೆಳಗಿನಿಂದ ಒಬ್ಬ ಗಿರಾಕಿಯೂ ಬಂದಿರಲಿಲ್ಲ. ಅಮ್ಮ ಎರಡನೇ ಸಲ ಕೇಳಲಿಲ್ಲ. ಸ್ಟೂಲಿನ ಪಕ್ಕ ನೆಲದ ಮೇಲೆ ಕೂತು, "ಹಾಕು ಕಾರ್ಡು. ನಾನೂ ನೋಡ್ತೀನಿ" ಎಂದಳು.

"ಬೇಡಮ್ಮ."

"ಹಾಕು ಅಂದೆ."

ಕ್ಯಾಮೆರಾದ ಹಿಂದಿನ ಪುಟ್ಟ ಪರದೆಯಲ್ಲಿ ಮೊದಲ ಮುಖ ಬಂತು. ಬಾಚಿದ ತಲೆ, ನೆಟ್ಟಗಿನ ಗಲ್ಲ, ಎರಡೂ ಕಿವಿ ಕಾಣುವಂತೆ. ಅಚ್ಚುಕಟ್ಟಾದ ಕೆಲಸ. ಕಣ್ಣುಗಳನ್ನು ನೋಡದಿದ್ದರೆ ಯಾವುದೋ ಕಚೇರಿಗೆ ಕೊಡುವ ಫೋಟೋ ಎನ್ನಬೇಕು. ಅಮ್ಮ ಕನ್ನಡಕ ಸರಿಮಾಡಿಕೊಂಡು ಹತ್ತಿರ ಬಾಗಿ ನೋಡಿ, "ಇವನಲ್ಲ" ಎಂದಳು. ಎರಡನೆಯದು ಮುದುಕ. "ಇವನಲ್ಲ." ಮೂರನೆಯದು ಒಬ್ಬ ಹೆಂಗಸು. ಅಮ್ಮ ಅವಳನ್ನೂ ಅಷ್ಟೇ ಹೊತ್ತು ನೋಡಿ, "ಪಾಪ, ಯಾರ ಮನೆ ಮಗಳೋ" ಎಂದಳು. ನೂರ ನಲವತ್ತು ಚಿತ್ರಗಳಿದ್ದವು. ಅಕ್ಕನ ಹೆಬ್ಬೆರಳು ಒತ್ತುತ್ತ ಹೋಯಿತು, ಅಮ್ಮ ಹೇಳುತ್ತ ಹೋದಳು. ಹೊರಗೆ ಬೀದಿಯಲ್ಲಿ ಯಾರೋ ಸ್ಕೂಟರು ಒದೆಯುತ್ತಿದ್ದರು, ಅದು ಶುರುವಾಗುತ್ತಿರಲಿಲ್ಲ.

ಎಂಬತ್ತೇಳನೆಯದು ಬಂತು.

ಮುಖ ಊದಿತ್ತು, ಬಣ್ಣಗೆಟ್ಟಿತ್ತು, ಬೈತಲೆ ಎಂದೂ ಇಲ್ಲದ ಕಡೆ ಇತ್ತು. ಆ ಮುಖ ಯಾರದ್ದು ಬೇಕಾದರೂ ಆಗಿರಬಹುದಿತ್ತು. ಆದರೆ ಎಡಗಿವಿಯ ಮೇಲ್ತುದಿಯಲ್ಲಿ ಒಂದು ಕಚ್ಚು ಇತ್ತು. ತಮ್ಮ ಆರು ವರ್ಷದವನಿದ್ದಾಗ ಅಕ್ಕನೇ ಅವನನ್ನು ಹಿಂದೆ ಕೂರಿಸಿಕೊಂಡು ಸೈಕಲ್ಲು ಬೀಳಿಸಿದ್ದಳು. ಆ ಕಿವಿಗೆ ಮೂರು ಹೊಲಿಗೆ ಬಿದ್ದಿತ್ತು. ಅಕ್ಕನ ಹೆಬ್ಬೆರಳು ನಿಂತುಹೋಯಿತು. ಕೂಗದಿರಲು ಅವಳು ಹಲ್ಲು ಕಚ್ಚಿದಳು. ಅಮ್ಮನತ್ತ ತಿರುಗಿ ನೋಡಲಿಲ್ಲ, ನೋಡಿದರೆ ತನ್ನ ಮುಖವೇ ಹೇಳಿಬಿಡುತ್ತದೆಂದು ಗೊತ್ತಿತ್ತು.

ಅಮ್ಮ ಬೇರೆಯವರನ್ನು ನೋಡಿದಷ್ಟು ಹೊತ್ತೂ ಇದನ್ನು ನೋಡಲಿಲ್ಲ.

"ಇವನಲ್ಲ" ಎಂದಳು. "ಮುಂದಕ್ಕೆ ಹೋಗು."

ದೇವರೇ, ಅವಳಿಗೆ ಗುರುತು ಸಿಗಲಿಲ್ಲ ಎಂದುಕೊಂಡಳು ಅಕ್ಕ. ಆ ಭಾರವನ್ನು ತಾನೊಬ್ಬಳೇ ಹೊರಬೇಕೆಂದು ಅಲ್ಲೇ ನಿಶ್ಚಯಿಸಿ ಮುಂದಕ್ಕೆ ಹೋದಳು. ಉಳಿದ ಐವತ್ತಮೂರು ಮುಖಗಳಿಗೂ ಅಮ್ಮ ಅದೇ ದನಿಯಲ್ಲಿ ಅಲ್ಲ ಎಂದಳು. ಎಲ್ಲ ಮುಗಿದ ಮೇಲೆ ಅಕ್ಕ ಕ್ಯಾಮೆರಾ ಆರಿಸಿದಳು.

"ನೋಡಿದ್ಯಲ್ಲ, ಅವನಿಲ್ಲ. ಈ ಕ್ಯಾಮೆರಾ ನಮಗೆ ಬೇಡಮ್ಮ. ಕಾರ್ಡು ಅಳಿಸಿ, ನಾಳೆ ವಾಪಸು ಕೊಟ್ಟು ಬರ್ತೀನಿ. ಸೋಮವಾರಕ್ಕೆ ಯಾರ ಹತ್ರನಾದ್ರೂ ಬಾಡಿಗೆಗೆ ತಂದ್ರಾಯ್ತು."

ಅಮ್ಮ ಏಳಲಿಲ್ಲ. ಸ್ಟೂಲಿನ ಮೇಲೆ ಮತ್ತೆ ಕೈಯಿಟ್ಟಳು. ಈ ಸಲ ತೆಗೆಯಲಿಲ್ಲ. ಅಂಗೈಯಿಂದ ಹಲಗೆಯನ್ನು ಮೆಲ್ಲಗೆ ಸವರಿದಳು.

"ಕೊಟ್ಟುಬಿಡಬೇಡ, ಇಟ್ಕೋ" ಎಂದಳು. "ಅಳಿಸಲೂ ಬೇಡ. ಒಂಬತ್ತು ವರ್ಷ ಆದ್ಮೇಲೆ ಮನೆಗೆ ಬಂದವನನ್ನ ಯಾರಾದ್ರೂ ಹೊರಗೆ ಕಳಿಸ್ತಾರೇನೇ?"